ರೋಮನ್ ಸೈನ್ಯದಲ್ಲಿ ನವಭಟರ ಶಿಕ್ಷಣ

೧

ಪ್ರಾಚೀನ ರೋಮನ್ನರ ಸಾಮ್ರಾಜ್ಯವು ಬ್ರಿಟನ್ ದ್ವೀಪದಿಂದ ಯೂಫ್ರಟೀಸ್ ನದಿಯವರೆಗೂ ವ್ಯಾಪಿಸಿ ಹಲವು ಶತಮಾನಗಳ ಕಾಲ ನಿಂತುದಕ್ಕೆ ಅವರ ಸೈನ್ಯವು ಮುಖ್ಯ ಕಾರಣವೆಂಬುದು ಚರಿತ್ರಕಾರರು ಸಾಮಾನ್ಯವಾಗಿ ಒಪ್ಪಿದ ಮಾತು. ಆ ಸೈನ್ಯದ ಬಲವು ಯಾವುದರಲ್ಲಿ ಅಡಗಿತ್ತೆಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರವಿಲ್ಲ. ರೋಮನ್ನರಲ್ಲಿಯೇ ಒಬ್ಬ ಗ್ರಂಥಕರ್ತನು ಈ ಪ್ರಶ್ನೆಗೆ ನಿಸ್ಸಂದಿಗ್ಧವಾಗಿ ಉತ್ತರ ಕೊಟ್ಟಿದ್ದಾನೆ. ಆತನೇ ವೆಜೀಷಿಯಸ್. ಸಂಖ್ಯೆಯಲ್ಲಿ ಗಾಲರಿಗಿಂತ, ದೇಹದ ಎತ್ತರದಲ್ಲಿ ಜರ್ಮನರಿಗಿಂತ, ಮೈಕಟ್ಟಿನಲ್ಲಿ ಸ್ಪೇನಿನವರಿಗಿಂತ, ಧನದಲ್ಲಿಯೂ ತಂತ್ರದಲ್ಲಿಯೂ ಆಫ್ರಿಕದವರಿಗಿಂತ, ವಿದ್ಯೆಯಲ್ಲಿ ಗ್ರೀಕರಿಗಿಂತ ರೋಮನ್ನರು ಕಡಿಮೆಯಾಗಿದ್ದರೂ ಹೊಸಭಟರನ್ನು ಜಾಣ್ಮೆಯಿಂದ ಆರಿಸಿ, ನಿತ್ಯಾಭ್ಯಾಸದಿಂದ ಪಳಗಿಸಿದುದರಿಂದಲೇ ಎಲ್ಲರನ್ನೂ ಗೆದ್ದರೆಂದು ಆತನ ಸಿದ್ಧಾಂತ.

ವೆಜೀಷಿಯಸನ ಯುದ್ಧಶಾಸ್ತ್ರವು ನಾಲ್ಕು ಅಧಿಕರಣಗಳುಳ್ಳ ಲ್ಯಾಟಿನ್ ಗ್ರಂಥ. ಕ್ರಿ. ಶ. ೩೮೩ರಲ್ಲಿ ಮಡಿದ ಗ್ರೇಷಿಯನ್ ಚಕ್ರವರ್ತಿಯನ್ನು ಗತಿಸಿದವನೆಂದು ಅದರಲ್ಲಿ ಹೇಳಿರುವುದರಿಂದಲೂ, ಕ್ರಿ. ಶ. ೪೫೦ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅದರ ಪ್ರತಿಯೊಂದನ್ನು ಪರಿಷ್ಕರಿಸಿದವನ ಒಕ್ಕಣೆ ಉಳಿದುಬಂದಿರುವುದರಿಂದಲೂ ಗ್ರಂಥದ ಕಾಲವು ಈ ಎರಡರ ನಡುವೆ ಬೀಳುತ್ತದೆ. ಮೊದಲನೆಯ ಅಧಿಕರಣವು ಪೂರ್ತಿಯಾಗಿ ನವಭಟರ ಆಯ್ಕೆ ಮತ್ತು ಶಿಕ್ಷಣಕ್ಕೆ ಮೀಸಲು. ಕರ್ತೃವು ತಾನು ಸ್ವತಃ ಯೋಧನಾಗಿದ್ದನೆಂಬುದಕ್ಕೆ ಆಧಾರವಿಲ್ಲ. ಹಿರಿಯ ಕೇಟೊ, ಕೆಲ್ಸಸ್, ಫ್ರಾಂಟೈನಸ್, ಪೇಟರ್ನಸ್ ಇವರ ಗ್ರಂಥಗಳನ್ನೂ ಆಗಸ್ಟಸ್, ಟ್ರೇಜನ್, ಹೇಡ್ರಿಯನ್ ಚಕ್ರವರ್ತಿಗಳ ಶಾಸನಗಳನ್ನೂ ಅನುಸರಿಸಿ ಬರೆದೆನೆಂದು ಆತನೇ ಒಪ್ಪಿಕೊಂಡಿದ್ದಾನೆ. ಹೀಗಾಗಿ ಆತನು ಬಣ್ಣಿಸುವ ಶಿಕ್ಷಣಕ್ರಮವು ಆತನ ಕಾಲದ್ದಲ್ಲ. ಅದು ಪೂರ್ವಕಾಲದ ಸ್ಮೃತಿ. ತನ್ನ ಕಾಲದಲ್ಲಿ ಲುಪ್ತವಾದುದನ್ನು ಚಕ್ರವರ್ತಿಯು ಪುನಃ ಸ್ಥಾಪಿಸಬೇಕೆಂಬುದೇ ಆತನ ಬಿನ್ನಹ.

ಇಂತಹ ಗ್ರಂಥವನ್ನು ಎಷ್ಟರಮಟ್ಟಿಗೆ ನಂಬಬಹುದು? ಆತನು ಹೇಳುವಂತೆ ಅಭ್ಯಾಸವೊಂದೇ ಸೈನ್ಯವನ್ನು ನಿರ್ಮಿಸುತ್ತಿತ್ತೆ? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಪೂರ್ವಿಕ ಚರಿತ್ರಕಾರರ ವಾಕ್ಯಗಳಲ್ಲದೆ ಶಿಲಾಶಾಸನಗಳೂ, ಈಜಿಪ್ಟಿನ ಮರಳಿನಲ್ಲಿ ಉಳಿದು ಬಂದಿರುವ ಭಟರ ಸ್ವಂತ ಪತ್ರಗಳೂ ಸಾಧನಗಳಾಗಿವೆ.

೨

ಮೊದಲನೆಯದು ಆಯ್ಕೆ. ಹಳ್ಳಿಗರೇ ಸೈನ್ಯಕ್ಕೆ ಯೋಗ್ಯರೆಂದು ವೆಜೀಷಿಯಸನ ಮತ. ಬಿಸಿಲಿಗೆ ಅಂಜದೆ, ನೆರಳನ್ನು ಅರಸದೆ, ಸ್ನಾನಗೃಹದ ಸುಖವನ್ನರಿಯದೆ ಬೆಳೆದವನಿಗೆ ಮರಣದ ಭಯವೂ ಕಡಿಮೆಯೆಂದು ಆತನ ತರ್ಕ. ಪಟ್ಟಣಿಗರನ್ನು ತೆಗೆದುಕೊಳ್ಳಲೇಬೇಕಾಗಿ ಬಂದರೆ ಆಯುಧ ಕೊಡುವ ಮೊದಲು ಅವರಿಗೆ ದುಡಿಯುವುದನ್ನೂ, ಓಡುವುದನ್ನೂ, ಹೊರೆ ಹೊರುವುದನ್ನೂ, ಬಿಸಿಲು ಧೂಳುಗಳನ್ನು ಸಹಿಸುವುದನ್ನೂ, ಮಿತವಾಗಿ ಉಣ್ಣುವುದನ್ನೂ ಕಲಿಸಬೇಕು. ಎತ್ತರಕ್ಕೆ ಪ್ರಮಾಣವಿತ್ತು. ಮೊದಲ ದರ್ಜೆಯ ಪಡೆಗಳಿಗೆ ೬ ರೋಮನ್ ಅಡಿ, ಕಡೆಯಪಕ್ಷ ೫ ಅಡಿ ೧೦ ಅಂಗುಲ. ಎಂದರೆ ಈಗಿನ ಅಳತೆಯಲ್ಲಿ ಸುಮಾರು ೧೭೭ ಮತ್ತು ೧೭೨ ಸೆಂಟಿಮೀಟರು. ಆದರೆ ಎತ್ತರಕ್ಕಿಂತಲೂ ಶಕ್ತಿಯೇ ಮುಖ್ಯವೆಂದು ಹೇಳಿ, ಗಿಡ್ಡನಾದರೂ ಪರಾಕ್ರಮಿಯಾದ ಟೈಡಿಯಸನನ್ನು ಹೋಮರನ ಕಾವ್ಯದಿಂದ ಆತನು ನಿದರ್ಶನವಾಗಿ ಕೊಡುತ್ತಾನೆ. ಕುದುರೆ ನಾಯಿಗಳನ್ನು ಲಕ್ಷಣ ನೋಡಿ ಆರಿಸುವಂತೆಯೇ ಭಟನನ್ನೂ ಚುರುಕಾದ ಕಣ್ಣು, ನೆಟ್ಟಗಿರುವ ಕೊರಳು, ಅಗಲವಾದ ಎದೆ, ನೀಳವಾದ ಬೆರಳು, ಕೊಬ್ಬಿಲ್ಲದ ಮೀನಖಂಡ ಇವುಗಳಿಂದ ಗುರುತಿಸಬೇಕೆನ್ನುತ್ತಾನೆ. ಕಮ್ಮಾರ, ಬಡಗಿ, ಕಟುಕ, ಜಿಂಕೆ ಹಂದಿಗಳನ್ನು ಬೇಟೆಯಾಡುವವ ಇವರು ಗ್ರಾಹ್ಯರು. ಮೀನುಗಾರ, ಹಕ್ಕಿ ಹಿಡಿಯುವವ, ಮಿಠಾಯಿ ಮಾಡುವವ, ನೇಯುವವ ಇವರು ವರ್ಜ್ಯರು.

ಈ ವಿಧಿಗಳು ಗ್ರಂಥಸ್ಥವಾದ ಆದರ್ಶಗಳು ಮಾತ್ರವೇ, ಅಥವಾ ಆಯ್ಕೆಯು ನಿಜವಾಗಿಯೂ ಕಟ್ಟುನಿಟ್ಟಾಗಿ ನಡೆಯುತ್ತಿತ್ತೆ ಎಂಬ ಸಂದೇಹಕ್ಕೆ ಎರಡು ದಾಖಲೆಗಳು ಉತ್ತರ ಕೊಡುತ್ತವೆ. ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದಲ್ಲಿ ದೊರೆತ ಕ್ರಿ. ಶ. ೧೦೩ರ ಪಪೈರಸ್ ಪತ್ರವೊಂದರಲ್ಲಿ ಅಲ್ಲಿನ ಮಾಂಡಲಿಕನಾದ ಮಿನಿಷಿಯಸ್ ಇಟಾಲಸನು ತಾನು ಪರೀಕ್ಷಿಸಿ ಒಪ್ಪಿದ ೬ ಮಂದಿ ಹೊಸಭಟರನ್ನು ಒಂದು ಪಡೆಯ ಪಟ್ಟಿಯಲ್ಲಿ ಸೇರಿಸಬೇಕೆಂದು ಅದರ ಅಧಿಪತಿಗೆ ಆಜ್ಞಾಪಿಸಿದ್ದಾನೆ. ಪ್ರತಿಯೊಬ್ಬನ ಹೆಸರು, ವಯಸ್ಸು, ಮೈಮೇಲೆ ಗುರುತು ಇದ್ದರೆ ಅದು ಇರುವ ಸ್ಥಳ, ಇಲ್ಲದಿದ್ದರೆ ಇಲ್ಲವೆಂಬ ಮಾತು ಇವಿಷ್ಟೇ ಅದರಲ್ಲಿನ ವಿವರ. ಈ ಆಕ್ಸಿರಿಂಕಸಿನ ಹೆಸರು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ೧೯೦೩ರಲ್ಲಿ ಪ್ರಕಟವಾದ ಅಲ್ಲಿನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಆರ್. ಶಾಮಶಾಸ್ತ್ರಿಗಳೂ ಬಳಿಕ ಗೋವಿಂದ ಪೈಗಳೂ ಪ್ರತಿಪಾದಿಸಿದುದು, ಆ ವಾದವು ಇಂದಿಗೂ ಇತ್ಯರ್ಥವಾಗದಿರುವುದು ಪ್ರಸಿದ್ಧವಾಗಿಯೇ ಇದೆ. ಪ್ರಹಸನವನ್ನು ಕಾಪಾಡಿದ ಆ ಊರಿನ ಕಸದ ದಿಬ್ಬಗಳೇ ಈ ಆರು ಮಂದಿಯ ವಯಸ್ಸನ್ನೂ ಕಲೆಗಳನ್ನೂ ಕಾಪಾಡಿಕೊಟ್ಟಿವೆ.

ಎರಡನೆಯ ದಾಖಲೆಯು ಟ್ರೇಜನ್ ಚಕ್ರವರ್ತಿಗೂ ಬಿಥಿನಿಯ ಪ್ರಾಂತದ ಅಧಿಕಾರಿಯಾದ ಪ್ಲಿನಿಗೂ ನಡೆದ ಪತ್ರವ್ಯವಹಾರ. ಹೊಸಭಟರಲ್ಲಿ ಇಬ್ಬರು ದಾಸರೆಂದು ಹೊರಬಿದ್ದಾಗ, ಪ್ರತಿಜ್ಞೆ ಸ್ವೀಕರಿಸಿದ್ದರೂ ಇನ್ನೂ ಯಾವ ಪಡೆಗೂ ಸೇರದಿದ್ದ ಅವರನ್ನು ಏನು ಮಾಡಬೇಕೆಂದು ಪ್ಲಿನಿಯು ಕೇಳಿದನು. ಅವರು ಬಲವಂತದಿಂದ ಸೇರಿದವರಾದರೆ ತಪ್ಪು ಪರೀಕ್ಷಕನದು. ಬದಲಿಯಾಗಿ ಕೊಡಲ್ಪಟ್ಟವರಾದರೆ ತಪ್ಪು ಕೊಟ್ಟವರದು. ತಮ್ಮ ಸ್ಥಿತಿಯನ್ನು ಬಲ್ಲವರಾಗಿಯೂ ತಾವಾಗಿಯೇ ಬಂದಿದ್ದರೆ ಮರಣದಂಡನೆಗೆ ಅರ್ಹರು ಎಂದು ಚಕ್ರವರ್ತಿಯು ತೀರ್ಪಿತ್ತನು. ಪಡೆಗೆ ಸೇರಿರಲಿಲ್ಲವೆಂಬುದು ನೆಪವಾಗಲಾರದು, ಪರೀಕ್ಷೆಯ ದಿನವೇ ಅವರು ತಮ್ಮ ಹುಟ್ಟನ್ನು ಸತ್ಯವಾಗಿ ಹೇಳಬೇಕಾಗಿತ್ತು ಎಂಬುದು ಆತನು ಕೊಟ್ಟ ಕಾರಣ. ಸೈನಿಕವೃತ್ತಿಯು ಸ್ವತಂತ್ರ ಪ್ರಜೆಗೆ ಮಾತ್ರ ಸಲ್ಲತಕ್ಕ ಒಂದು ಮರ್ಯಾದೆಯೆಂಬ ಭಾವನೆಯು ಕ್ರಿ. ಶ. ೨ನೆಯ ಶತಮಾನದ ಆರಂಭದಲ್ಲಿ ಎಷ್ಟು ಬಲವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಈ ಅಂಶವು ಮುಂದಿನ ವಿಚಾರಕ್ಕೆ ಬಹು ಮುಖ್ಯವಾದುದು.

೩

ಆರಿಸಲ್ಪಟ್ಟವನು ಒಡನೆಯೇ ಭಟನಾಗುತ್ತಿರಲಿಲ್ಲ. ಅಭ್ಯಾಸದಲ್ಲಿ ಪರೀಕ್ಷಿಸಿ, ಯೋಗ್ಯನೆಂದು ಕಂಡ ಮೇಲೆಯೇ ಸೈನ್ಯದ ಮುದ್ರೆಯನ್ನು ಒತ್ತಬೇಕೆಂದು ವೆಜೀಷಿಯಸನು ವಿಧಿಸುತ್ತಾನೆ. ಇದಕ್ಕೆ ದಿನನಿತ್ಯದ ಅಭ್ಯಾಸವು ನಾಲ್ಕು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ನಡೆಯಬೇಕಾಗಿತ್ತು.

ಶಿಕ್ಷಣದ ಮೊದಲ ಪಾಠ ಆಯುಧವಲ್ಲ, ನಡಿಗೆ. ಸಾಮಾನ್ಯವಾದ ಸೈನಿಕಗತಿಯಲ್ಲಿ ಬೇಸಗೆಯ ೫ ಗಂಟೆಗಳಲ್ಲಿ ೨೦ ಮೈಲಿಗಳನ್ನೂ, ತ್ವರಿತಗತಿಯಲ್ಲಿ ಅದೇ ಕಾಲದಲ್ಲಿ ೨೪ ಮೈಲಿಗಳನ್ನೂ ನಡೆಯಬೇಕು. ಇಲ್ಲಿ ಎರಡು ಅಳತೆಗಳನ್ನು ಗಮನಿಸಬೇಕು. ರೋಮನ್ ಮೈಲಿಯು ಸುಮಾರು ೧.೪೮ ಕಿಲೋಮೀಟರು. ರೋಮನ್ನರು ಹಗಲನ್ನು ಋತುವೆಷ್ಟೇ ದೀರ್ಘವಾಗಿರಲಿ ೧೨ ಪಾಲು ಮಾಡುತ್ತಿದ್ದುದರಿಂದ ಇಟಲಿಯ ನಡುಬೇಸಗೆಯಲ್ಲಿ ಒಂದು ಗಂಟೆಯು ಈಗಿನ ೭೫ ನಿಮಿಷಗಳಿಗೆ ಸಮನಾಗುತ್ತಿತ್ತು. ಆದುದರಿಂದ ಸಾಮಾನ್ಯಗತಿಯು ಗಂಟೆಗೆ ೫ ಕಿಲೋಮೀಟರಿಗಿಂತ ತುಸು ಕಡಿಮೆ. ತ್ವರಿತಗತಿಯು ೬ಕ್ಕಿಂತ ತುಸು ಕಡಿಮೆ. ಒಬ್ಬಂಟಿಯಾಗಿ ನಡೆಯುವ ದೃಢಕಾಯನಿಗೆ ಇದು ಅಸಾಧ್ಯವಾದ ಸಾಹಸವೇನೂ ಅಲ್ಲ. ಕಷ್ಟವಿರುವುದು ಬೇರೆ ಕಡೆ. ನೂರಾರು ಮಂದಿ ಒಂದೇ ವೇಗದಲ್ಲಿ, ಸಾಲು ಕೆಡದೆ, ಹಿಂದೆ ಬೀಳದೆ, ಮುಂದಕ್ಕೂ ಹಾಯದೆ ಅಷ್ಟು ದೂರ ಸಾಗಬೇಕು. ನಡಿಗೆಯಲ್ಲಾಗಲಿ ಕದನದಲ್ಲಾಗಲಿ ಸಾಲನ್ನು ಕಾಯುವುದಕ್ಕಿಂತ ಹೆಚ್ಚಿನದು ಇಲ್ಲ, ಚದುರಿದ ಸೈನ್ಯಕ್ಕೆ ಶತ್ರುವಿನಿಂದ ಅತ್ಯಪಾಯವೆಂದು ಗ್ರಂಥಕಾರನು ಇದೇ ಪ್ರಕರಣದಲ್ಲಿ ಎಚ್ಚರಿಸುತ್ತಾನೆ. ಕಾಲಿನ ಬಲಕ್ಕಿಂತ ಸಮಗತಿಯೇ ಈ ಪಾಠದ ಗುರಿಯೆಂಬುದು ಸ್ಪಷ್ಟ.

ನಡಿಗೆಯ ಬಳಿಕ ಓಟ, ನೆಗೆತ, ಬೇಸಗೆಯಲ್ಲಿ ಈಜು. ರೋಮಿನ ಯುದ್ಧಾಭ್ಯಾಸದ ಬಯಲನ್ನು ಟೈಬರ್ ನದಿಯ ದಡದಲ್ಲಿಯೇ ಏರ್ಪಡಿಸಿದುದಕ್ಕೆ, ಬೆವರು ಧೂಳುಗಳನ್ನು ತೊಳೆದುಕೊಳ್ಳುವ ನೆಪದಿಂದ ತರುಣರು ಈಜು ಕಲಿಯಲೆಂಬುದೇ ಕಾರಣವೆಂದು ಆತನು ಹೇಳುತ್ತಾನೆ. ಅನಂತರ ಹೊರೆ. ೬೦ ರೋಮನ್ ಪೌಂಡುಗಳವರೆಗೆ, ಎಂದರೆ ೨೦ ಕಿಲೋಗ್ರಾಮಿಗೆ ಹತ್ತಿರವಾದ ಭಾರವನ್ನು ಹೊತ್ತು ಸೈನಿಕಗತಿಯಲ್ಲಿ ನಡೆಯಬೇಕು. ಯುದ್ಧಯಾತ್ರೆಯಲ್ಲಿ ಆಹಾರವನ್ನೂ ಆಯುಧವನ್ನೂ ಒಟ್ಟಿಗೆ ಹೊರಬೇಕಾಗುವುದರಿಂದ ಇದು ಅನಿವಾರ್ಯ.

ಆಯುಧಶಿಕ್ಷಣದಲ್ಲಿ ಪ್ರಸಿದ್ಧವಾದುದು ಗೂಟದ ಅಭ್ಯಾಸ. ಪ್ರತಿಯೊಬ್ಬ ನವಭಟನೂ ೬ ಅಡಿ ಎತ್ತರ ನಿಲ್ಲುವಂತೆ ತನ್ನದೊಂದು ಗೂಟವನ್ನು ನೆಲದಲ್ಲಿ ನೆಟ್ಟು, ಅದನ್ನೇ ವೈರಿಯೆಂದು ಭಾವಿಸಿ ಬೆಳಗ್ಗೆಯೂ ಮಧ್ಯಾಹ್ನದ ಮೇಲೆಯೂ ಹೋರಾಡಬೇಕು. ಕೈಯಲ್ಲಿನ ಬೆತ್ತದ ಗುರಾಣಿಯೂ ಮರದ ಕತ್ತಿಯೂ ನಿಜವಾದವುಗಳ ಎರಡರಷ್ಟು ತೂಕವಾಗಿರಬೇಕು. ಭಾರವಾದುದರಲ್ಲಿ ಪಳಗಿದವನಿಗೆ ಯುದ್ಧದ ದಿನ ನಿಜವಾದ ಆಯುಧವು ಹಗುರವಾಗಿ ತೋರುವುದೆಂಬುದು ಇದರ ತತ್ತ್ವ. ಕತ್ತಿಯನ್ನು ಬೀಸಿ ಕಡಿಯಬಾರದು, ಮೊನೆಯಿಂದ ಇರಿಯಬೇಕು. ಬೀಸುವವನ ತೋಳೂ ಪಕ್ಕೆಯೂ ತೆರೆದುಬೀಳುತ್ತವೆ; ಇರಿಯುವವನ ಮೈ ಗುರಾಣಿಯ ಮರೆಯಲ್ಲಿಯೇ ಇರುತ್ತದೆ. ಎರಡು ಅಂಗುಲ ಒಳಹೊಕ್ಕ ಇರಿತವೇ ಪ್ರಾಣಾಂತಿಕವೆಂದು ಗ್ರಂಥದ ಮಾತು. ಇದರ ಜೊತೆಗೆ ಭಾರವಾದ ಈಟಿಯನ್ನು ಗೂಟಕ್ಕೆ ಗುರಿಯಿಟ್ಟು ಎಸೆಯುವುದು, ಕವಣೆ, ಸೀಸ ಕಟ್ಟಿದ ಕೈಬಾಣ, ನವಭಟರಲ್ಲಿ ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಂದು ಪಾಲಿನವರಿಗೆ ಬಿಲ್ಲು, ಮರದ ಕುದುರೆಯ ಮೇಲೆ ಎಡಬಲಗಳಿಂದ ಹಾರಿ ಏರುವ ಸಾಧನೆ ಇವು ಸೇರಿದ್ದುವು. ಚಳಿಗಾಲದಲ್ಲಿ ಅಭ್ಯಾಸ ನಿಲ್ಲಬಾರದೆಂದು ಹೆಂಚಿನ ಅಥವಾ ಹುಲ್ಲಿನ ಮಾಡಿನ ದೊಡ್ಡ ಕವಾಯತುಶಾಲೆಗಳನ್ನು ಕಟ್ಟುತ್ತಿದ್ದರೆಂದೂ ಆತನು ತಿಳಿಸುತ್ತಾನೆ.

ಕತ್ತಿಯ ಶಿಕ್ಷಣಕ್ಕೆ ಒಂದು ಚರಿತ್ರೆಯುಂಟು. ಕ್ರಿ. ಪೂ. ೧೦೫ರಲ್ಲಿ ಕಾನ್ಸಲನಾಗಿದ್ದ ರುಟೀಲಿಯಸ್ ರೂಫಸನು ಸ್ಕಾರಸನೆಂಬವನ ಮಲ್ಲಶಾಲೆಯಿಂದ ಕತ್ತಿಮಲ್ಲರ ಗುರುಗಳನ್ನು ಕರೆತಂದು ಭಟರಿಗೆ ವರಸೆಗಳನ್ನು ಕಲಿಸಿದನೆಂದು ವಲೇರಿಯಸ್ ಮ್ಯಾಕ್ಸಿಮಸನು ಬರೆದಿದ್ದಾನೆ. ಅದೇ ವರ್ಷ ಅರಾಸಿಯೊ ಎಂಬಲ್ಲಿ ಉತ್ತರದ ಜನಾಂಗಗಳು ರೋಮನ್ ಸೈನ್ಯಗಳೆರಡನ್ನು ನಾಶಮಾಡಿದ್ದುವು. ಜನರ ವಿನೋದಕ್ಕಾಗಿ ರಂಗದಲ್ಲಿ ಸಾಯುವವರ ವಿದ್ಯೆಯನ್ನು ರಾಜ್ಯವನ್ನು ಕಾಯುವವರು ಕಲಿಯಬೇಕಾಗಿ ಬಂದುದು ಆ ಸೋಲಿನ ತೀವ್ರತೆಯನ್ನು ಸೂಚಿಸುತ್ತದೆ.

೪

ವ್ಯಕ್ತಿಶಿಕ್ಷಣವಾದ ಮೇಲೆ ಸಮೂಹಶಿಕ್ಷಣ. ಬಯಲಿಗೆ ಕರೆತಂದು ಮೊದಲು ಎಲ್ಲರನ್ನೂ ಒಂದೇ ಸಾಲಿನಲ್ಲಿ, ವಂಕಿಲ್ಲದೆ, ಸಮಾನವಾದ ಅಂತರದಲ್ಲಿ ನಿಲ್ಲಿಸಬೇಕು. ಆಜ್ಞೆಯಾದೊಡನೆ ಸಾಲು ಎರಡಾಗಬೇಕು, ಬಳಿಕ ಚೌಕವಾಗಬೇಕು, ಬಳಿಕ ಮೊನೆಯಂತಹ ತ್ರಿಕೋನವಾಗಬೇಕು, ಕಡೆಗೆ ಚಕ್ರಾಕಾರವನ್ನು ತಾಳಬೇಕು. ಇವುಗಳಲ್ಲಿ ಕೊನೆಯದು ಸಾಲು ಮುರಿದಾಗ ಪಡೆಯೆಲ್ಲವೂ ಓಡದಂತೆ ತಡೆಯುವ ಉಪಾಯ. ತಿಂಗಳಿಗೆ ಮೂರು ಸಲ ಕಾಲಾಳೂ ಕುದುರೆಯೂ ಸಾಯುಧರಾಗಿ ೧೦ ಮೈಲಿ ಹೋಗಿ ಪಾಳೆಯಕ್ಕೆ ಹಿಂದಿರುಗಬೇಕು. ಈ ನಿಯಮವು ಆಗಸ್ಟಸ್ ಮತ್ತು ಹೇಡ್ರಿಯನರ ಶಾಸನಗಳಲ್ಲಿದ್ದಿತೆಂದು ಗ್ರಂಥದಲ್ಲಿ ಹೇಳಿದೆ.

ಕತ್ತಿಯಷ್ಟೇ ಮುಖ್ಯವಾದುದು ಗುದ್ದಲಿ. ಪಾಳೆಯದ ಸುತ್ತಲೂ ಕಂದಕ ತೋಡಿ ಮಣ್ಣಿನ ಗೋಡೆ ಏರಿಸುವ ಕೆಲಸವನ್ನು ಪ್ರತಿ ಭಟನೂ ಕಲಿಯಬೇಕಾಗಿತ್ತು. ಈ ವಿದ್ಯೆಯು ತನ್ನ ಕಾಲಕ್ಕೆ ಪೂರ್ಣವಾಗಿ ನಷ್ಟವಾಯಿತೆಂದು ವೆಜೀಷಿಯಸನು ಹಲುಬುತ್ತಾನೆ. ಇದಕ್ಕೆ ಭೂಮಿಯೇ ಸಾಕ್ಷಿ ಹೇಳುತ್ತದೆ. ವೇಲ್ಸ್ ಪ್ರಾಂತದ ಲಾಂಡ್ರಿಂಡಾಡ್ ಮುಂತಾದ ಕಡೆ ವಾಸಕ್ಕೆ ಸಾಲದಷ್ಟು ಚಿಕ್ಕದಾದ ಪಾಳೆಯಗಳ ಗುರುತುಗಳು ಗುಂಪುಗುಂಪಾಗಿ ಕಂಡುಬಂದಿವೆ. ಅವು ಅಭ್ಯಾಸಕ್ಕಾಗಿಯೇ ತೋಡಿದುವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಮೂಲೆಯ ತಿರುವು, ಬಾಗಿಲಿನ ಅಡ್ಡಗೋಡೆ ಮುಂತಾದ ಕಠಿನವಾದ ಭಾಗಗಳನ್ನೇ ಪುನಃ ಪುನಃ ಕಟ್ಟಿರುವುದು ಕಲಿಯುವವರ ಕೈವಾಡವೆಂಬುದನ್ನು ದೃಢಪಡಿಸುತ್ತದೆ.

ಕಲಿಯದವನಿಗೆ ಶಿಕ್ಷೆಯೂ ವಿಲಕ್ಷಣವಾದುದು. ಅಭ್ಯಾಸದಲ್ಲಿ ಹಿಂದುಳಿದವನಿಗೆ ಗೋಧಿಗೆ ಬದಲು ಜವೆಯನ್ನು ಅಳೆದು ಕೊಡುತ್ತಿದ್ದರು. ಅಧಿಕಾರಿಗಳ ಸಮಕ್ಷಮದಲ್ಲಿ ತಾನು ಎಲ್ಲವನ್ನೂ ಕಲಿತಿರುವೆನೆಂದು ಮಾಡಿ ತೋರಿಸುವವರೆಗೂ ಗೋಧಿ ಮರಳಿ ದೊರೆಯುತ್ತಿರಲಿಲ್ಲ. ಕಲಿಸುವ ಗುರುಗಳಿಗಾದರೋ ಇಮ್ಮಡಿ ಪಡಿ. ಜವೆಯು ಪಶುಗಳ ಆಹಾರವಾದುದರಿಂದ ಇದು ಹಸಿವೆಯ ಶಿಕ್ಷೆಯಲ್ಲ, ಅವಮಾನದ ಶಿಕ್ಷೆ. ಕ್ರಿ. ಪೂ. ೨ನೆಯ ಶತಮಾನದ ಪಾಲಿಬಿಯಸನೂ ಹೇಡಿತನಕ್ಕಾಗಿ ದಂಡಿತವಾದ ಪಡೆಯಲ್ಲಿ ಉಳಿದವರಿಗೆ ಜವೆಯನ್ನೇ ಕೊಡುತ್ತಿದ್ದರೆಂದು ಹೇಳಿರುವುದರಿಂದ ಈ ಸಂಪ್ರದಾಯದ ಪ್ರಾಚೀನತೆಯು ಸಿದ್ಧವಾಗುತ್ತದೆ.

೫

ವೆಜೀಷಿಯಸನು ವಿವರಿಸಿದ ಕ್ರಮವು ಸಾರಾಂಶದಲ್ಲಿ ನಿಜವೆಂಬುದಕ್ಕೆ ಬೇರೆ ಪ್ರಮಾಣಗಳೂ ಉಂಟು. ಕ್ರಿ. ಪೂ. ೨೦೯ರಲ್ಲಿ ಸ್ಪೇನಿನ ನ್ಯೂ ಕಾರ್ತೇಜ್ ನಗರವನ್ನು ಹಿಡಿದ ಮೇಲೆ ಸಿಪಿಯೊ ಸೇನಾನಿಯು ಏರ್ಪಡಿಸಿದ ದಿನಚರಿಯನ್ನು ಪಾಲಿಬಿಯಸನು ದಾಖಲಿಸಿದ್ದಾನೆ. ಮೊದಲ ದಿನ ಕವಚಧಾರಿಗಳಾಗಿ ೩೦ ಸ್ಟೇಡಿಯಗಳ, ಎಂದರೆ ೫ ಕಿಲೋಮೀಟರಿಗೂ ಹೆಚ್ಚು ದೂರದ ಓಟ. ಎರಡನೆಯ ದಿನ ಆಯುಧಗಳನ್ನು ಬಹಿರಂಗವಾಗಿ ಉಜ್ಜಿ ಸರಿಪಡಿಸುವುದು. ಮೂರನೆಯ ದಿನ ವಿಶ್ರಾಂತಿ. ನಾಲ್ಕನೆಯ ದಿನ ತೊಗಲು ಹೊದಿಸಿ ಮೊನೆಗೆ ಗುಂಡಿ ಕಟ್ಟಿದ ಮರದ ಕತ್ತಿಗಳಿಂದ ಕಾಳಗ. ಐದನೆಯ ದಿನ ಮೊದಲಿನಿಂದ ಪುನಃ ಆರಂಭ. ಕ್ರಿ. ಶ. ೬೭ರಲ್ಲಿ ರೋಮನ್ನರ ಸೆರೆಗೆ ಸಿಕ್ಕಿದ ಯೆಹೂದಿ ಚರಿತ್ರಕಾರ ಜೋಸೀಫಸನ ಸಾಕ್ಷ್ಯವು ಇನ್ನೂ ಬೆಲೆಯುಳ್ಳದ್ದು, ಏಕೆಂದರೆ ಅದು ಸೋತವನ ಸಾಕ್ಷ್ಯ. ರೋಮನ್ನರ ಕವಾಯತಿಗೂ ಕದನಕ್ಕೂ ನೆತ್ತರು ಹರಿಯುವುದೊಂದೇ ವ್ಯತ್ಯಾಸವೆಂಬ ಅಭಿಪ್ರಾಯವನ್ನು ಆತನು ವ್ಯಕ್ತಪಡಿಸಿದ್ದಾನೆ.

ಇವೆಲ್ಲಕ್ಕಿಂತ ಪ್ರಬಲವಾದುದು ಈಗಿನ ಆಲ್ಜೀರಿಯ ದೇಶದ ಲಂಬೀಸಿಸ್ ಪಾಳೆಯದಲ್ಲಿ ದೊರೆತ ಶಿಲಾಶಾಸನ. ಕ್ರಿ. ಶ. ೧೨೮ರಲ್ಲಿ ಹೇಡ್ರಿಯನ್ ಚಕ್ರವರ್ತಿಯು ಅಲ್ಲಿನ ಪಡೆಗಳ ಅಭ್ಯಾಸವನ್ನು ಸ್ವತಃ ನೋಡಿ ಮಾಡಿದ ಭಾಷಣವನ್ನು ಅದರಲ್ಲಿ ಕೆತ್ತಿದೆ. ಇತರರು ಹಲವು ದಿನ ತೆಗೆದುಕೊಳ್ಳುವ ಕೋಟೆಯ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿದವರನ್ನು, ಗಟ್ಟಿಯಾದ ಗರಸು ನೆಲದಲ್ಲಿ ಕಂದಕ ತೋಡಿದವರನ್ನು ಆತನು ಮೆಚ್ಚಿಕೊಂಡಿದ್ದಾನೆ. ಮೇಲ್ದರ್ಜೆಯ ಕುದುರೆಪಡೆಯ ಪ್ರದರ್ಶನವಾದ ಮೇಲೆ ಸಣ್ಣ ಪಡೆಯ ರಾವುತರು ಮೆಚ್ಚಿಗೆ ಗಳಿಸುವುದು ಕಷ್ಟವೆಂದು ಹೇಳಿ, ಅವರ ಶ್ರದ್ಧೆಯನ್ನು ಅದಕ್ಕಾಗಿಯೇ ಹೆಚ್ಚಾಗಿ ಹೊಗಳಿದ್ದಾನೆ. ಸಾರ್ವಭೌಮನು ಮರುಭೂಮಿಯ ಅಂಚಿಗೆ ಬಂದು ಕಂದಕದ ಮಣ್ಣನ್ನೂ ಗೋಡೆಯ ಕಲ್ಲನ್ನೂ ಪರೀಕ್ಷಿಸುತ್ತಿದ್ದ ಕಾಲದಲ್ಲಿ ಅಭ್ಯಾಸವು ಶಿಥಿಲವಾಗಲು ಅವಕಾಶವೇ ಇರಲಿಲ್ಲ. ಆದಕಾರಣ ಮೊದಲನೆಯ ಪ್ರಶ್ನೆಗೆ ಉತ್ತರವು ವೆಜೀಷಿಯಸನಿಗೆ ಅನುಕೂಲವಾಗಿಯೇ ಇದೆ.

೬

ಎರಡನೆಯ ಪ್ರಶ್ನೆಯು ಇಷ್ಟು ಸುಲಭವಲ್ಲ. ವೆಜೀಷಿಯಸನ ಗ್ರಂಥದಲ್ಲಿ ನವಭಟನು ಎಲ್ಲಿಯೂ ಬಾಯಿ ತೆರೆಯುವುದಿಲ್ಲ. ಆತನು ಅಳೆಯಲ್ಪಡುತ್ತಾನೆ, ನಡೆಯಿಸಲ್ಪಡುತ್ತಾನೆ, ಶಿಕ್ಷಿಸಲ್ಪಡುತ್ತಾನೆ. ಏತಕ್ಕಾಗಿ ಇಷ್ಟನ್ನೂ ಸಹಿಸಿದನೆಂಬುದು ಅಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಸತಕ್ಕವು ಭಟರ ಪತ್ರಗಳು.

ಕ್ರಿ. ಶ. ೨ನೆಯ ಶತಮಾನದಲ್ಲಿ ಏಪಿಯನ್ ಎಂಬ ತರುಣನು ಈಜಿಪ್ಟಿನ ಫಿಲಡೆಲ್ಫಿಯ ಗ್ರಾಮದಿಂದ ನೌಕಾಸೈನ್ಯಕ್ಕೆ ಸೇರಿ ಇಟಲಿಯ ಮೈಸೀನಮ್ ಬಂದರಿಗೆ ಹೋದನು. ಅಲ್ಲಿಂದ ತಂದೆಗೆ ಬರೆದ ಓಲೆಯು ಉಳಿದಿದೆ. ಕಡಲಿನಲ್ಲಿ ಅಪಾಯ ಬಂದಾಗ ಸೆರಾಪಿಸ್ ದೇವರು ಕಾಪಾಡಿದನೆಂದೂ, ದಾರಿವೆಚ್ಚವಾಗಿ ಮೂರು ಚಿನ್ನದ ನಾಣ್ಯಗಳು ದೊರೆತುವೆಂದೂ, ತಂದೆಯು ವಿದ್ಯೆ ಕಲಿಸಿದುದರಿಂದ ತಾನು ಬೇಗನೆ ಮೇಲೇರುವೆನೆಂಬ ಆಶೆಯಿದೆಯೆಂದೂ ಆತನು ಬರೆದಿದ್ದಾನೆ. ತನ್ನ ಚಿತ್ರವೊಂದನ್ನೂ ಕಳುಹಿಸಿದ್ದಾನೆ. ಕೊನೆಯಲ್ಲಿ, ತನ್ನ ಹೆಸರು ಇನ್ನು ಮೇಲೆ ಆಂಟೋನಿಯಸ್ ಮ್ಯಾಕ್ಸಿಮಸ್ ಎಂಬ ಒಂದು ಮಾತು. ವರ್ಷಗಳ ತರುವಾಯ ತಂಗಿಗೆ ಬರೆದ ಇನ್ನೊಂದು ಪತ್ರದಲ್ಲಿ ಏಪಿಯನ್ ಎಂಬ ಹೆಸರು ಕಾಣಬರುವುದಿಲ್ಲ. ಆಂಟೋನಿಯಸ್ ಮ್ಯಾಕ್ಸಿಮಸನೇ ಮಾತನಾಡುತ್ತಾನೆ. ಹೊಸ ಹೆಸರನ್ನು ಆತನು ದುಃಖದಿಂದ ಹೇಳಿದನೋ ಹೆಮ್ಮೆಯಿಂದ ಹೇಳಿದನೋ ಓಲೆಯು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ವಿದ್ಯೆಗಾಗಿ ತಂದೆಯನ್ನು ವಂದಿಸಿ, ಚಿತ್ರವನ್ನು ಕಳುಹಿಸಿ, ಹೆಸರನ್ನು ತಿಳಿಸಿದ ಈ ಅನುಕ್ರಮದಲ್ಲಿ ಹೆಮ್ಮೆಯ ಛಾಯೆಯೇ ಹೆಚ್ಚಾಗಿ ತೋರುತ್ತದೆ.

ಎಲ್ಲರೂ ಇಷ್ಟು ಸಂತೋಷದಿಂದ ಇರಲಿಲ್ಲ. ಅದೇ ಶತಮಾನದ ಆದಿಭಾಗದ ಟೆರೆಂಟಿಯಾನಸನ ಪತ್ರಗಳು ಈಜಿಪ್ಟಿನ ಕರಾನಿಸ್ ಗ್ರಾಮದ ಅವಶೇಷಗಳಲ್ಲಿ ದೊರೆತಿವೆ. ಇಲ್ಲಿ ಹಣವಿಲ್ಲದೆ ಏನೂ ಆಗದು, ತನಗೆ ತಾನೇ ನೆರವಾಗದವನಿಗೆ ಶಿಫಾರಸು ಪತ್ರಗಳೂ ನಿಷ್ಪ್ರಯೋಜಕವೆಂದು ಆತನು ಹಿರಿಯನೊಬ್ಬನಿಗೆ ಬರೆದುಕೊಂಡಿದ್ದಾನೆ. ಪಾದರಕ್ಷೆಗಳು ತಿಂಗಳಿಗೆ ಎರಡು ಸಲ ಸವೆದುಹೋಗುತ್ತವೆ. ಮನೆಯಿಂದ ಬಂದ ಗುದ್ದಲಿಯನ್ನು ಮೇಲಧಿಕಾರಿಯು ತೆಗೆದುಕೊಂಡುಬಿಟ್ಟನು, ಇನ್ನೊಂದು ಬೇಕು. ತಿಂಗಳಿಗೆ ಮೂರು ಸಲ ನಡೆಯುವ ಕವಾಯತಿನ ಯಾತ್ರೆಯೆಂದು ವೆಜೀಷಿಯಸನಲ್ಲಿ ಒಂದು ವಾಕ್ಯವಾಗಿರುವುದು ಇಲ್ಲಿ ಸವೆದ ಜೋಡಾಗಿ ಕಣ್ಣಿಗೆ ಬೀಳುತ್ತದೆ. ಕ್ರಿ. ಶ. ೧೦೭ರಲ್ಲಿ ಅರೇಬಿಯದಿಂದ ಬರೆದ ಅಪಾಲಿನೇರಿಯಸನ ಪತ್ರದಲ್ಲಿ, ಉಳಿದವರೆಲ್ಲರೂ ದಿನವೆಲ್ಲ ಕಲ್ಲು ಕಡಿಯುತ್ತಿರುವಾಗ ಲೇಖಕಪದವಿಯನ್ನು ಪಡೆದ ತಾನು ಸುಮ್ಮನೆ ಅತ್ತಿತ್ತ ಓಡಾಡುತ್ತಿರುವೆನೆಂಬ ಸಮಾಧಾನವಿದೆ.

ಸಂಬಳದ ಲೆಕ್ಕವೂ ದೊರೆತಿದೆ. ಕ್ರಿ. ಶ. ೮೧ರ ಪಪೈರಸಿನಲ್ಲಿ ಒಬ್ಬ ಭಟನ ಒಂದು ಕಂತಿನ ಸಂಬಳವು ೨೪೮ ದ್ರಾಕ್ಮ. ಅದರಲ್ಲಿ ಹುಲ್ಲಿಗೆ ೧೦, ಊಟಕ್ಕೆ ೮೦, ಪಾದರಕ್ಷೆ ಪಟ್ಟಿಗಳಿಗೆ ೧೨, ಪಾಳೆಯದ ಹಬ್ಬಕ್ಕೆ ೨೦, ಬಟ್ಟೆಗೆ ೬೦, ಒಟ್ಟು ೧೮೨ ದ್ರಾಕ್ಮಗಳು ಕಳೆದು ೬೬ ಆತನ ಲೆಕ್ಕಕ್ಕೆ ಜಮೆಯಾಗಿವೆ. ಉಳಿತಾಯವು ಅಲ್ಪವಾದರೂ ನಿಶ್ಚಿತವಾಗಿತ್ತು. ಭಟರಿಗೆ ಬರುವ ಉಡುಗೊರೆಯ ಅರ್ಧವನ್ನು ಧ್ವಜಗಳ ಬಳಿ ಠೇವಣಿಯಿಡುತ್ತಿದ್ದರೆಂದೂ, ತನ್ನ ಗಂಟು ಧ್ವಜದ ಬಳಿಯಿದೆಯೆಂದು ಬಲ್ಲವನು ಧ್ವಜವನ್ನು ಬಿಟ್ಟು ಓಡುವುದಿಲ್ಲವೆಂದೂ ವೆಜೀಷಿಯಸನೇ ಎರಡನೆಯ ಅಧಿಕರಣದಲ್ಲಿ ಹೇಳುತ್ತಾನೆ. ಅಭ್ಯಾಸವೇ ಸರ್ವಸ್ವವೆಂದವನ ಲೇಖನಿಯಿಂದ ಈ ಮಾತು ಹೊರಟಿರುವುದು ಗಮನಾರ್ಹ.

ಈ ಆಶೆಗಳು ಭಂಗವಾದಾಗ ಏನಾಗುತ್ತಿತ್ತೆಂಬುದನ್ನು ಟ್ಯಾಸಿಟಸನ ಚರಿತ್ರೆಯಲ್ಲಿ ನೋಡಬಹುದು. ಕ್ರಿ. ಶ. ೧೪ರಲ್ಲಿ ಪನೋನಿಯದ ದಂಡುಗಳು ದಂಗೆಯೆದ್ದುವು. ಅಲ್ಪವೇತನ, ಅದರಲ್ಲಿ ಬಟ್ಟೆ ಆಯುಧ ಡೇರೆಗಳ ವೆಚ್ಚ, ಮುಗಿಯದ ಸೇವಾವಧಿ, ಶತಾಧಿಪತಿಗಳ ಕ್ರೌರ್ಯ ಇವು ಅವರ ದೂರುಗಳು. ಲುಸೀಲಿಯಸನೆಂಬ ಶತಾಧಿಪತಿಯು ಭಟರ ಬೆನ್ನಿನ ಮೇಲೆ ದ್ರಾಕ್ಷಿಬೆತ್ತವು ಮುರಿಯುವವರೆಗೆ ಹೊಡೆದು ಇನ್ನೊಂದು ತಾ ಎಂದು ಕೂಗುತ್ತಿದ್ದುದರಿಂದ ಆತನಿಗೆ ಆ ಮಾತೇ ಅಡ್ಡಹೆಸರಾಗಿತ್ತು. ದಂಗೆಯಲ್ಲಿ ಆತನನ್ನು ಭಟರು ಕೊಂದರು. ಇವರು ಶಿಕ್ಷಣವಿಲ್ಲದವರಲ್ಲ, ಸಾಮ್ರಾಜ್ಯದ ಪಳಗಿದ ಪಡೆಗಳು. ಭಯದಿಂದ ಕಲಿಸಿದುದು ಭಯವಿರುವವರೆಗೆ ಮಾತ್ರ ನಿಲ್ಲುತ್ತದೆಂಬುದಕ್ಕೆ ಇದು ನಿದರ್ಶನ.

೭

ಈ ಹಿನ್ನೆಲೆಯಲ್ಲಿ ವೆಜೀಷಿಯಸನ ಕಾಲದ ಸ್ಥಿತಿಯನ್ನು ನೋಡಬೇಕು. ಗ್ರೇಷಿಯನನ ಕಾಲದಿಂದ ಕವಾಯತು ನಿಂತುದರಿಂದ ಭಟರಿಗೆ ಕವಚ ಶಿರಸ್ತ್ರಾಣಗಳು ಭಾರವೆನಿಸಿದುವು, ಅವರು ಚಕ್ರವರ್ತಿಯನ್ನು ಬೇಡಿ ಅವುಗಳನ್ನು ಕಳಚಿಟ್ಟರು, ಹೀಗೆ ಬರಿಮೈಯಲ್ಲಿ ನಿಂತು ಗಾಥರ ಬಾಣಗಳಿಗೆ ತುತ್ತಾದರು ಎಂದು ಆತನು ಬರೆಯುತ್ತಾನೆ. ಇದು ಅತಿಶಯೋಕ್ತಿಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೂ ಕ್ರಿ. ಶ. ೩೭೮ರಲ್ಲಿ ಏಡ್ರಿಯಾನೋಪಲಿನಲ್ಲಿ ವೇಲೆನ್ಸ್ ಚಕ್ರವರ್ತಿಯೂ ಆತನ ಸೈನ್ಯದ ಬಹುಭಾಗವೂ ನಾಶವಾದ ನೆನಪು ಈ ವಾಕ್ಯಗಳ ಹಿಂದೆ ಇದ್ದೇ ಇದೆ.

ಆದರೆ ರೋಗದ ಮೂಲವನ್ನು ಆತನು ಅರ್ಧ ಮಾತ್ರ ಕಂಡನು. ಯಜಮಾನರು ತಾವು ಇಟ್ಟುಕೊಳ್ಳಲು ಹೇಸುವಂತಹ ಆಳುಗಳನ್ನೇ ಸೈನ್ಯಕ್ಕೆ ತಳ್ಳುತ್ತಾರೆಂದು ಆತನೇ ದೂರಿದ್ದಾನೆ. ಅದೇ ಕಾಲದ ರಾಜಶಾಸನಗಳು ಇದಕ್ಕಿಂತಲೂ ಘೋರವಾದ ಸ್ಥಿತಿಯನ್ನು ತೋರಿಸುತ್ತವೆ. ಸೈನ್ಯಕ್ಕೆ ಹೋಗದಿರಲೆಂದು ತರುಣರು ತಮ್ಮ ಹೆಬ್ಬೆರಳನ್ನು ತಾವೇ ಕಡಿದುಕೊಳ್ಳುತ್ತಿದ್ದರು. ಇಟಲಿಯಲ್ಲಿ ಅಂತಹವರಿಗೆ ಒಂದು ಹೆಸರೇ ಇದ್ದಿತೆಂದು ಅಮ್ಮಿಯಾನಸನು ತಿಳಿಸುತ್ತಾನೆ. ಕ್ರಿ. ಶ. ೩೮೧ರ ಶಾಸನವೊಂದು, ಬೆರಳು ಕಡಿದುಕೊಂಡವನನ್ನೂ ಬಿಡದೆ ಸೇರಿಸಿಕೊಳ್ಳಬೇಕೆಂದೂ, ಊನವಿಲ್ಲದ ಒಬ್ಬನಿಗೆ ಬದಲಾಗಿ ಅಂತಹ ಇಬ್ಬರನ್ನು ಕೊಡಬೇಕೆಂದೂ ವಿಧಿಸಿತು. ಟ್ರೇಜನನ ಕಾಲದಲ್ಲಿ ದಾಸನೊಬ್ಬನು ಪ್ರಾಣವನ್ನು ಒತ್ತೆಯಿಟ್ಟು ನುಸುಳಬಹುದೆಂದು ಶಂಕಿಸಿದ ವೃತ್ತಿಯಿಂದ ಥಿಯೊಡೋಸಿಯಸನ ಕಾಲದಲ್ಲಿ ಸ್ವತಂತ್ರನಾದವನು ಅಂಗಚ್ಛೇದದಿಂದ ತಪ್ಪಿಸಿಕೊಳ್ಳುತ್ತಿದ್ದನು. ಮೊದಲಿನ ಕಾಲದಲ್ಲಿಯೂ ಬದಲಿಯಾಳುಗಳೂ ಬಲವಂತವ ಸೇರ್ಪಡೆಯೂ ಇದ್ದುವೆಂಬುದು ನಿಜ. ಆದರೆ ಎರಡು ಕಾಲಗಳ ಮನೋಭಾವಕ್ಕೆ ಇರುವ ಅಂತರವು ಅದರಿಂದ ಮರೆಯಾಗುವುದಿಲ್ಲ.

ಹೆಬ್ಬೆರಳಿಲ್ಲದವನಿಗೆ ಗೂಟದ ಅಭ್ಯಾಸವನ್ನು ಕಲಿಸಲಾಗದು. ಇರಿತದ ವರಸೆ, ಸಮಗತಿಯ ನಡಿಗೆ, ಕಂದಕದ ವಿದ್ಯೆ ಇವೆಲ್ಲವನ್ನೂ ಗ್ರಂಥದಿಂದ ಉದ್ಧರಿಸಿ ಪುನಃ ಜಾರಿಗೆ ತರಬಹುದು. ಮಗನಿಗೆ ಓದು ಕಲಿಸಿ ಕಳುಹಿಸುವ ತಂದೆಯನ್ನೂ, ಮೇಲೇರುವೆನೆಂಬ ಮಗನ ನಂಬಿಕೆಯನ್ನೂ ರಾಜಶಾಸನದಿಂದ ಸೃಷ್ಟಿಸಲಾಗದು. ರೋಮನ್ನರ ನವಭಟಶಿಕ್ಷಣವು ಎರಡು ಕಾಲುಗಳ ಮೇಲೆ ನಿಂತಿತ್ತು. ಒಂದು ನಿತ್ಯಾಭ್ಯಾಸ, ಇನ್ನೊಂದು ಆ ಅಭ್ಯಾಸದ ಕಷ್ಟಕ್ಕೆ ರಾಜ್ಯವು ಕೊಡುತ್ತಿದ್ದ ಪ್ರತಿಫಲ: ಹೆಸರು, ನಿಶ್ಚಿತವಾದ ವೇತನ, ಪದವಿಯ ಆಶೆ, ಪ್ರಜೆಯೆಂಬ ಮರ್ಯಾದೆ. ಮೊದಲನೆಯದಕ್ಕೆ ವೆಜೀಷಿಯಸನಂತಹ ಶಾಸ್ತ್ರಕಾರನು ದೊರೆತನು. ಆತನ ಗ್ರಂಥವನ್ನು ಯೂರೋಪಿನ ಅರಸರೂ ಸೇನಾನಿಗಳೂ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಓದಿದರು. ಎರಡನೆಯದಕ್ಕೆ ಶಾಸ್ತ್ರಕಾರನಿಲ್ಲ, ಏಪಿಯನನ ಓಲೆಯೂ ಟೆರೆಂಟಿಯಾನಸನ ದೂರುಗಳೂ ಮಾತ್ರ ಉಳಿದಿವೆ. ರೋಮನ್ ಸೈನ್ಯದ ಏಳುಬೀಳುಗಳನ್ನು ವಿಚಾರಿಸುವವರು ಶಾಸ್ತ್ರವನ್ನೂ ಓಲೆಗಳನ್ನೂ ಜೊತೆಯಾಗಿ ಓದತಕ್ಕದ್ದು.